ಎರಡು ಮನೆಗೊಂದು ಪ್ರಿಂಟರ್

ಕೊಳ್ಳೇಗಾಲದ ನೇಕಾರರ ಬೀದಿಯಲ್ಲಿ ಉಮೇಶ, ಸತೀಶ ಎಂಬ ಅಣ್ಣತಮ್ಮಂದಿರು ಭಾಗವಾದಾಗ ಮಗ್ಗಗಳನ್ನು ಹಂಚಿಕೊಂಡರು, ನಡುಮನೆಗೆ ಗೋಡೆ ಎತ್ತಿದರು. ಸೀರೆಯ ಡಿಸೈನನ್ನು ಚೌಕದ ಗೆರೆಗಳ ಮೇಲೆ ತೆಗೆಯುವ ಅಗಲದ ಪ್ರಿಂಟರನ್ನು ಮಾತ್ರ ಭಾಗ ಮಾಡಲಾಗಲಿಲ್ಲ. ಅದು ಅಣ್ಣನ ಮನೆಯಲ್ಲಿರಲಿ, ಇಬ್ಬರೂ ಬಳಸಲಿ ಎಂದಾಯಿತು. ಅಣ್ಣತಮ್ಮಂದಿರ ನಡುವಿನ ಕೊನೆಯ ಮಾತು ಅದೇ.

ಡಿಸೈನ್ ಬರೆಯುತ್ತಿದ್ದವಳು ಸತೀಶನ ಹೆಂಡತಿ ಶ್ವೇತಾ. ಅವಳು ಕೊಟ್ಟ ಪೆನ್‌ಡ್ರೈವನ್ನು ಅತ್ತೆ ಅನಸೂಯಮ್ಮ ಸೆರಗಿಗೆ ಗಂಟು ಹಾಕಿಕೊಂಡು ದೊಡ್ಡ ಮಗನ ಮನೆಗೆ ಹೋಗಿ, ಪ್ರಿಂಟ್ ತರುತ್ತಿದ್ದಳು. ಮಂಡಿ ಹಿಡಿದುಕೊಂಡು ಮೆಟ್ಟಿಲಿಳಿಯುವ ಅತ್ತೆಯನ್ನು ಕಂಡಾಗೆಲ್ಲ ಈ ಓಡಾಟ ತಪ್ಪಿಸಬೇಕೆಂದು ಶ್ವೇತಾಳಿಗೆ ಅನ್ನಿಸುತ್ತಿತ್ತು.

ಸತೀಶ ಹನೂರಿಗೆ ಸೀರೆ ಕೊಡಲು ಹೋಗಿದ್ದ ದಿನ ಅವಳು ಭಾವನ ಬಾಗಿಲಿಗೆ ಹೋಗಿ, ತಮ್ಮ ಮನೆಯಿಂದಲೇ ಪ್ರಿಂಟ್ ಕೊಡಲು ಕೇಬಲ್ ಎಳೆಯುವ ವಿಷಯ ಹೇಳಿದಳು.

"ಅವ್ವಂಗೆ ಓಡಾಟ ತಪ್ತದೆ ಅಂದ್ರೆ ಮಾಡಮ್ಮ," ಎಂದ ಉಮೇಶ.

ಪ್ರಿಂಟರಿನ ಪಕ್ಕದ ಹಳೆಯ ಕಂಪ್ಯೂಟರಿನಲ್ಲಿ ಪ್ರಿಂಟರ್ ಹಂಚಿಕೊಳ್ಳಲು ಅನುವಾಗುವ ಲಿನಕ್ಸ್ ತಂತ್ರಾಂಶ ಇತ್ತು. ಶ್ವೇತಾ ಪ್ರಿಂಟರಿಗೆ ನೆಟ್‌ವರ್ಕಿನಲ್ಲಿ ಬದಲಾಗದ ಒಂದು ವಿಳಾಸ ಕೊಟ್ಟಳು, ಕಿಟಕಿಯಿಂದ ಕಿಟಕಿಗೆ ಕೇಬಲ್ ಎಳೆದಳು. ಎರಡೂ ಮನೆಯ ಕೆಲಸ ಒಂದೇ ಸಾಲಿನಲ್ಲಿ ನಿಂತು, ಬಂದ ಸರದಿಯಂತೆ ಪ್ರಿಂಟ್ ಆಗಬೇಕು. ಆ ಸಾಲಿಗೊಂದು ಹೆಸರು ಕೊಡು ಎಂದಿತು ಕಂಪ್ಯೂಟರು.

"ಏನಂತ ಎಸ್ರಿಡ್ಲಿ ಅತ್ತೆ?"

"ಚೌಡಮ್ಮ ಅಂತ ಮಡುಗು. ಇಬ್ರಿಗೂ ಮನೆದೇವ್ರು ಅವ್ಳೇ ತಾನೆ."

ತನ್ನ ಮನೆಗೆ ಬಂದು ಕಳಿಸಿದ ಮೊದಲ ಹಾಳೆ ಬರಲೇ ಇಲ್ಲ. ವಿಳಾಸದ ಒಂದು ಅಂಕಿ ತಪ್ಪಿತ್ತು. ತಿದ್ದಿ ಮತ್ತೆ ಕಳಿಸಿದಳು. ಗೋಡೆಯಾಚೆ ಪ್ರಿಂಟರ್ ಗುಂಯ್‌ಗುಟ್ಟಿತು. ಹಾಳೆಯನ್ನು ಓರಗಿತ್ತಿ ಕಿಟಕಿಯಲ್ಲೇ ನೀಡಿದಳು. ಸಂಜೆ ಮನೆಗೆ ಬಂದ ಸತೀಶ ಕೇಬಲನ್ನು ಒಮ್ಮೆ ನೋಡಿ, ಕೈಕಾಲು ತೊಳೆಯಲು ಹೋದ.

ಹೀಗೇ ಸ್ವಲ್ಪ ದಿನ ನಡೆಯಿತು. ಒಂದು ಮಧ್ಯಾಹ್ನ ಸತೀಶ ನೇಯಲಿದ್ದ ಸೆರಗಿನ ಡಿಸೈನು ಹಲವು ಹಾಳೆಗಳಾಗಿ ಪ್ರಿಂಟ್ ಆಗುತ್ತಿದ್ದಾಗ ಕಿಟಕಿಯಾಚೆಯಿಂದ ಉಮೇಶನ ದನಿ ಕೇಳಿತು.

"ಅವ್ವಾ, ನಂದೊಂದು ಸಣ್ಣ ಬಾರ್ಡ್ರು ಇತ್ತು. ತಕಂಡೋಗೋಕೆ ಯಳಂದೂರಿಂದ ಬಂದು ಕುಂತವ್ರೆ."

ಕರೆದದ್ದು ಅವ್ವನನ್ನಾದರೂ ಹೇಳಿದ್ದು ಯಾರಿಗೆಂದು ಎಲ್ಲರಿಗೂ ಗೊತ್ತಿತ್ತು. ಶ್ವೇತಾ ಪರದೆ ನೋಡಿದಳು. ಭಾವನ ಕೆಲಸ ಎಲ್ಲಕ್ಕಿಂತ ಹಿಂದೆ ನಿಂತಿತ್ತು.

"ಬಾವಂದ ಮುಂದಕ್ಕೆ ತರ್ಬೋದು ಕಣ್ರಿ. ತರ್ಲಾ?" ಎಂದು ಗಂಡನನ್ನು ಕೇಳಿದಳು.

ಸತೀಶ ಹರಿದ ಎಳೆಯೊಂದನ್ನು ಹೊಸೆದು ಸೇರಿಸುತ್ತಿದ್ದ. ಶ್ವೇತಾ ಕೀಬೋರ್ಡಿನ ಮೇಲೆ ಬೆರಳಿಟ್ಟು ಕಾದಳು.

"ನಮ್ದು ನಾಳೆಗಾದ್ರೂ ಆಯ್ತದೆ," ಎಂದ ಕೊನೆಗೆ. "ಅವಂದೇ ಮೊದ್ಲು ಓಗ್ಲಿ ಬುಡು."

ಅವಳು ಕಂಪ್ಯೂಟರಿಗೆ ಒಂದು ಸಾಲಿನ ಆದೇಶ ಟೈಪ್ ಮಾಡಿದಳು. ಆಚೆ ಪ್ರಿಂಟರ್ ಒಂದು ಗಳಿಗೆ ನಿಂತು ಮತ್ತೆ ಓಡಿತು.

ಸಂಜೆ ಸತೀಶನ ಹಾಳೆಗಳು ಕಿಟಕಿಯಲ್ಲಿ ಬರಲಿಲ್ಲ. ಸುರುಳಿ ಸುತ್ತಿ ಹಿಡಿದುಕೊಂಡು ಉಮೇಶನೇ ಹೊಸ್ತಿಲಲ್ಲಿ ನಿಂತಿದ್ದ.

"ಈ ನವಿಲ್ ಕತ್ತು ಒಸಿ ದಪ್ಪ ಆಗದೆ ಕಣ್ಲಾ," ಎಂದ. "ಇಂಗೇ ನೇಯ್ದ್ರೆ ಇಂದ್ಗಡೆ ಎಳೆ ಕಚ್ಕಳ್ದೆ ಸಡ್ಲಾಗಿ ತೇಲ್ತದೆ."

ಸತೀಶ ಎದ್ದು ಬಂದ. "ಎಲ್ಲಣ್ಣ, ತೋರ್ಸು."

ನೆಲದ ಮೇಲೆ ಹಾಳೆ ಹರಡಿ ಇಬ್ಬರೂ ಬಗ್ಗಿ ಕುಳಿತರು. ಶ್ವೇತಾ ಕಾಫಿಗಿಟ್ಟಳು. ನವಿಲಿನ ಕತ್ತಿನಿಂದ ಎರಡು ಚೌಕ ತೆಗೆಯಬೇಕೋ ಮೂರೋ ಎಂದು ಅಣ್ಣತಮ್ಮಂದಿರ ನಡುವೆ ಬಹಳ ಹೊತ್ತು ವಾದ ನಡೆಯಿತು.