ಬೇಸ್‌ಮೆಂಟಿನ ನೀಲಿ ದೋಣಿ

ಬೇಸ್‌ಮೆಂಟಿನಲ್ಲಿ ಬಿದ್ದಿದ್ದ ವಾರಸುದಾರರಿಲ್ಲದ ಸಾಮಾನುಗಳಿಗೆ ಹಳದಿ ಚೀಟಿ ಅಂಟಿಸುವ ಕೆಲಸವನ್ನು ಅಪಾರ್ಟ್‌ಮೆಂಟ್ ಸಂಘದವರು ಲತಾಳಿಗೇ ಒಪ್ಪಿಸಿದ್ದರು. ಅವಳು ಯಾವುದನ್ನೂ ಎರಡು ಸಲ ನೋಡದೆ ಬಿಡುವವಳಲ್ಲ. ತುಕ್ಕು ಹಿಡಿದ ಸೈಕಲ್ಲುಗಳು, ಮಕ್ಕಳ ತಳ್ಳುಗಾಡಿ, ಬಾಡಿಗೆಯವರು ಬಿಟ್ಟುಹೋದ ಟ್ರೆಡ್‌ಮಿಲ್ ಎಲ್ಲಕ್ಕೂ ಅಂಟಿಸುತ್ತ ಬಂದವಳು, ಕೊನೆಯ ಕಂಬದ ಹಿಂದೆ ಮಲಗಿದ್ದ ನೀಲಿ ಫೈಬರ್ ದೋಣಿಯ ಮುಂದೆ ನಿಂತಳು.

"ಇದ್ಯಾರದು ಸ್ವಾಮಿ?" ಎಂದರು ಅಧ್ಯಕ್ಷ ಚನ್ನಕೇಶವ. ಅವರೂ ಖಜಾಂಚಿ ಅರುಣ್ ಕುಮಾರನೂ ಈ ವರ್ಷವಷ್ಟೇ ಇಲ್ಲಿಗೆ ಬಂದವರು.

"ಮೂರನೇ ಮಹಡಿಯವ್ರದ್ದಿರ್ಬೇಕು ಸಾರ್," ಎಂದ ಅರುಣ್. "ಮೈಸೂರ್ ರೋಡ್ ಟ್ರಾಫಿಕ್‌ನಲ್ಲಿ ಕಾರಿಗಿಂತ ಇದೇ ಬೇಗ ಹೋಗುತ್ತೆ."

ದೋಣಿಯ ಮೂತಿಯ ಮೇಲೆ ಮಾಸಿದ ಬಿಳಿ ಬಣ್ಣದಲ್ಲಿ 'ಚೇತನಾ' ಎಂದು ಬರೆದಿತ್ತು. ಚನ್ನಕೇಶವ ಮೊಬೈಲಿನಲ್ಲಿ ಹುಡುಕಿದರು. ನಿವಾಸಿಗಳಲ್ಲಿ ಆ ಹೆಸರಿನವರು ಯಾರೂ ಇರಲಿಲ್ಲ.

"ಹಂಗಾದ್ರೆ ಅನಾಥವೇ. ಭಾನುವಾರ ಗುಜರಿಯವನು ಬಂದು ಕತ್ತರಿಸ್ಕೊಂಡು ಹೋಗ್ಲಿ. ಅಂಟಿಸಿ ಮೇಡಂ."

ಲತಾ ಅಂಟಿಸಿದಳು. ಸರಿಯಾಗಿ ಹಿಡಿಯಲೆಂದು ಹೆಬ್ಬೆರಳಿನಿಂದ ಮೂಲೆಗಳನ್ನು ಒತ್ತಿದಳು ಕೂಡ.

ದೋಣಿ ಯಾರದೆಂದು ಅವಳಿಗೆ ಗೊತ್ತಿತ್ತು. ಅದನ್ನು ಅಲ್ಲಿ ಇಡಿಸಿದವಳೇ ಅವಳು.

ಹೋದ ವರ್ಷದ ಮಳೆಗಾಲದಲ್ಲಿ ರಾಜಕಾಲುವೆ ಉಕ್ಕಿ, ಅವರ ನೆಲಮಹಡಿಯ ಮನೆಗೆ ನೀರು ನುಗ್ಗಿದಾಗ, ಅತ್ತೆ ವಿಮಲಮ್ಮ ಮಂಡಿ ಆಪರೇಶನ್ ಮಾಡಿಸಿಕೊಂಡು ಮಲಗಿದ್ದರು. ಕೆರೆಯಲ್ಲಿ ಮೀನು ಹಿಡಿಯುವ ತಮ್ಮಣ್ಣ ಯಾರೂ ಕರೆಯದೆಯೇ ತನ್ನ ದೋಣಿ ತಂದು, ಮುದುಕಿಯನ್ನು ಹಲಗೆಯ ಮೇಲೆ ಕೂರಿಸಿ ಮೇನ್ ರೋಡಿಗೆ ಮುಟ್ಟಿಸಿದ. ಮರಳಿ ಬಂದಿದ್ದ ದೋಣಿ ನೀರು ಇಳಿದಾಗ ಗೇಟಿನೊಳಗೇ ಉಳಿಯಿತು. "ನೀವು ಹೋಗಿ ಅಣ್ಣ, ನಾಳೆ ಟೆಂಪೋ ಮಾಡಿ ನಾನೇ ಕಳಿಸ್ತೀನಿ," ಎಂದಿದ್ದಳು ಲತಾ.

ಮಾರನೇ ದಿನವೆಲ್ಲ ಕೆಸರು ಬಳಿದು ಹೊರಹಾಕುವುದೇ ಆಯಿತು. ಆಮೇಲೆ ಅತ್ತೆಗೆ ಜ್ವರ, ಆಸ್ಪತ್ರೆ. ಆಮೇಲೆ, ಇಷ್ಟು ತಡವಾಗಿ ಯಾವ ಮುಖ ಹೊತ್ತು ಹೋಗುವುದು ಎನ್ನಿಸಿತು. ಹಾಗೆ ಅನ್ನಿಸಿದ ಮೇಲೆ ತಡವಾಗುತ್ತಲೇ ಹೋಯಿತು. ದೋಣಿಯನ್ನು ಕಣ್ಣಿಗೆ ಬೀಳದ ಕಡೆ ಇಡಿಸಿದಳು. ಮೇಲಿನ ಪೈಪು ಸೋರಿ ಅದರಲ್ಲಿ ನೀರು ನಿಂತಿತು. ಊರಲ್ಲೆಲ್ಲ ಡೆಂಗಿಯ ಮಾತು. ಯಾರಾದರೂ ನೋಡಿ ಕೇಳುವ ಮೊದಲೇ ಪ್ಲಂಬರನ್ನು ಕರೆಸಿ, ತಳಕ್ಕೆ ತೂತು ಕೊರೆಸಿದಳು. ಡ್ರಿಲ್ಲಿಂಗ್ ಮಷೀನಿನ ಸದ್ದು ಅಡುಗೆಮನೆಗೂ ಕೇಳುತ್ತಿತ್ತು. ಅವಳು ಮಿಕ್ಸಿ ಹಾಕಿಕೊಂಡಳು.

ಚೀಟಿ ಅಂಟಿಸಿದ ಸಂಜೆ ಪಕ್ಕದ ಮನೆಯಾಕೆ ಬಂದಿದ್ದರು. ವಿಮಲಮ್ಮ ಕಾಲು ಚಾಚಿಕೊಂಡು ತಮ್ಮ ಕಥೆ ಶುರುಮಾಡಿದರು.

"ದೋಣೀಲಿ ಕೂತು ಕೆಂಗೇರಿ ನೋಡಿದೋಳು ನಾನೊಬ್ಬಳೇ ಕಣ್ರೀ. ಆ ಪುಣ್ಯಾತ್ಮ, ಅಲ್ಲಾಡ್ಬೇಡಿ ಅಜ್ಜಿ, ಮೀನು ಹೆದರ್ಕೊಳ್ತವೆ ಅಂತಿದ್ದ. ನಮ್ಮ ಲತಾ ಮಾರನೇ ದಿನಾನೇ ದೋಣಿ ಕಳಿಸ್ಬಿಟ್ಲು. ಯಾರ ಋಣಾನೂ ಇಟ್ಕೊಳಲ್ಲ ಅವ್ಳು."

ಹಿಂದೊಮ್ಮೆ ಅತ್ತೆ ಕೇಳಿದಾಗ ಲತಾ ಬರೀ 'ಹೂಂ' ಎಂದಿದ್ದಳು. ಆ ಒಂದು 'ಹೂಂ' ಇಷ್ಟುದ್ದ ಬೆಳೆದಿತ್ತು. ಅವಳು ಕಾಫಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಬೆಳಗಾಗುತ್ತಲೇ ಸ್ಕೂಟರ್ ತೆಗೆದುಕೊಂಡು ಕೆರೆಗೆ ಹೋದಳು. ತಮ್ಮಣ್ಣ ಏರಿಯ ಮೇಲೆ ಕೂತು ಬಲೆ ಬಿಡಿಸುತ್ತಿದ್ದ. ಅವಳನ್ನು ಕಂಡದ್ದೇ ಎದ್ದ.

"ಅಮ್ಮಾವ್ರು ಹೆಂಗವ್ರೆ?"

"ಚೆನ್ನಾಗಿದಾರೆ ಅಣ್ಣ. ನಿಮ್ಮ ದೋಣಿ... ನಮ್ಮಲ್ಲೇ ಇದೆ."

"ಗೊತ್ತಲ್ಲ. ಕಳಿಸ್ತೀನಿ ಅಂದಿದ್ರಿ." ಮಾತಿನಲ್ಲಿ ಕುಟುಕು ಇರಲಿಲ್ಲ. "ಒಂದ್ಸಲ ಗೇಟ್ ತಾವ ಬಂದಿದ್ದೆ. ಯಾವ ಮನೆ ಅಂದ್ರು ಸೆಕ್ಯೂರಿಟಿಯೋರು. ನಿಮ್ಮ ಹೆಸ್ರು ಗೊತ್ತಿಲ್ಲ, ಅಜ್ಜಿ ಮನೆ ಅಂದೆ. ನಕ್ಬುಟ್ರು. ಈಗ ಬೇರೆಯೋರ ದೋಣೀಲಿ ಕೂಲಿಗೋಯ್ತೀನಿ."

ಮನೆಗೆ ಬಂದವಳು ಸಂಘದ ಗ್ರೂಪಿಗೆ ಒಂದು ಸಾಲು ಹಾಕಿದಳು: 'ದೋಣಿಯ ವಾರಸುದಾರರು ಪತ್ತೆಯಾಗಿದ್ದಾರೆ.' ಬರೆದು, ಅಳಿಸಿ, ಮತ್ತೆ ಅದನ್ನೇ ಬರೆದಿದ್ದಳು. ಅದರಲ್ಲಿ ಒಂದು ಪದವೂ ಸುಳ್ಳಲ್ಲ. ಚನ್ನಕೇಶವ ಚಪ್ಪಾಳೆಯ ಚಿತ್ರ ಕಳಿಸಿದರು. 'ಸಿಐಡಿ ಲತಾ ಮೇಡಂ' ಎಂದು ಅರುಣ್ ಬರೆದ.

ಶನಿವಾರ ತಮ್ಮಣ್ಣ ಟೆಂಪೋದವನ ಜೊತೆ ಬಂದ. ಚೀಟಿ ಕಿತ್ತುಹಾಕಿ ದೋಣಿಯನ್ನು ಮಗ್ಗುಲಿಗೆ ಹೊರಳಿಸಿದ. ತಳದ ತೂತುಗಳಲ್ಲಿ ಬೆಳಕು ಕಂಡಿತು. ಒಂದರಲ್ಲಿ ಬೆರಳು ತೂರಿಸಿದ.

"ಯಾರ್ ಮಾಡಿದ್ದಮ್ಮ ಇದನ್ನ?"

"ಸಂಘದವರು," ಎಂದಳು ಲತಾ. "ಸೊಳ್ಳೆ ಆಗುತ್ತೆ ಅಂತ."

"ಅವ್ರಿಗೇನ್ ಗೊತ್ತು, ಬುಡಿ. ಮುಚ್ಚುಸ್ಬೋದು. ನೀವಿದ್ದಿದ್ಕೆ ಇಷ್ಟಾದ್ರೂ ಉಳೀತು, ಇಲ್ದಿದ್ರೆ ಗುಜರಿ ಪಾಲಾಗೋದು."

ಇಬ್ಬರೂ ಗಂಡಸರು ಎತ್ತಿದರು, ಅವಳೂ ಒಂದು ಅಂಚಿಗೆ ಕೈ ಕೊಟ್ಟಳು. ಹಗ್ಗ ಬಿಗಿದ ಮೇಲೆ ತಮ್ಮಣ್ಣ ಟವೆಲ್ಲಿನಿಂದ ಮುಖ ಒರೆಸಿಕೊಂಡ.

"ನನ್ ನಂಬರ್ ಬರ್ಕಳಿ. ಮತ್ತೆ ನೀರು ಬಂದ್ರೆ ಒಂದ್ ಫೋನ್ ಹಾಕಿ, ಅಮ್ಮಾವ್ರನ್ನ ಕೂರುಸ್ಕೊಂಡ್ ಹೋಗೋಕೆ ಬತ್ತೀನಿ. ಒಂಬತ್ತು, ಏಳು, ನಾಲ್ಕು..."

ಒತ್ತುತ್ತಿದ್ದ ಲತಾಳ ಬೆರಳು ನಿಂತಿತು.

"ತೂತು ಕೊರೆಸಿದ್ದು ನಾನು ಅಣ್ಣ. ಸಂಘದವರಲ್ಲ."

ತಮ್ಮಣ್ಣ ಅವಳನ್ನೇ ನೋಡಿದ. "ನನ್ ದೋಣಿ ಅಂತ ಗೊತ್ತಿದ್ದೂನಾ?"

"ಗೊತ್ತಿದ್ದೂ."

ಅವನು ಆಗಲೇ ಬಿಗಿದಿದ್ದ ಗಂಟನ್ನು ಇನ್ನೊಮ್ಮೆ ಎಳೆದು ನೋಡಿದ. ಹೋಗಿ ಡ್ರೈವರ್ ಪಕ್ಕ ಕೂತ. "ನಡಿಯಪ್ಪ," ಎಂದ.

ಟೆಂಪೋ ಇಳಿಜಾರು ಹತ್ತಿ ಹೊರಗೆ ಹೋಯಿತು. ಲತಾಳ ಮೊಬೈಲಿನಲ್ಲಿ 'ತಮ್ಮಣ್ಣ' ಎಂಬ ಹೆಸರಿನ ಕೆಳಗೆ ಮೂರು ಅಂಕಿಗಳಿದ್ದವು. ಉಳಿಸಲೇ, ಅಳಿಸಲೇ ಎಂದು ಮೊಬೈಲು ಕೇಳುತ್ತಿತ್ತು. ಅವಳು ಹಾಗೇ ನಿಂತಿದ್ದಳು.