ದೊರೆಯ ಗೊರಕೆ

ಹೊಲಿಗೆ ಯಂತ್ರ ರಿಪೇರಿ ಮಾಡುವ ಆತನನ್ನು ಬೀದಿಯವರೆಲ್ಲ ಮಿಷನ್ ಮಾಮ ಎಂದೇ ಕರೆಯುತ್ತಿದ್ದರು. ಮೂವತ್ತು ವರ್ಷದಿಂದ ಅವನು ಕಣ್ಣಿಗಿಂತ ಕಿವಿಯನ್ನು ನಂಬಿ ಬದುಕಿದವನು. ಚಕ್ರವನ್ನು ಎರಡು ಸುತ್ತು ತಿರುಗಿಸಿ ತಲೆ ವಾಲಿಸಿದನೆಂದರೆ ಸಾಕು, ಬಾಬಿನ್ ಗೂಡಿನಲ್ಲಿ ದಾರದ ಚೂರು ಸಿಕ್ಕಿದೆಯೋ, ಎಣ್ಣೆ ಒಣಗಿದೆಯೋ ಹೇಳಿಬಿಡುತ್ತಿದ್ದ. ಅವನ ಪ್ರಕಾರ ಲೋಕದಲ್ಲಿ ಎರಡೇ ಬಗೆಯ ಯಂತ್ರಗಳು, ಸದ್ದು ಮಾಡುವವು ಮತ್ತು ಸರಿಯಾಗಿರುವವು. ಇಂಥವನ ಕೈಗೆ ಅವನ ಅಕ್ಕ ತನ್ನ ಚಪ್ಪಟೆ ಮೂತಿಯ ನಾಯಿಯನ್ನು ಒಪ್ಪಿಸಿದಳು. ತಲೆ ಕೆಡದೆ ಇನ್ನೇನಾಗಬೇಕು?

ಅಕ್ಕ ಮಂಡಿ ಆಪರೇಷನ್ನಿಗೆಂದು ಮಗಳ ಊರಿಗೆ ಹೊರಟಿದ್ದಳು. ಗಂಡ ತೀರಿಕೊಂಡ ಮೇಲೆ ಆರು ವರ್ಷದಿಂದ ಅವಳ ಮನೆಯಲ್ಲಿದ್ದ ಇನ್ನೊಂದು ಜೀವವೆಂದರೆ ಈ ಪಗ್ ನಾಯಿ. ಹೆಸರು ದೊರೆ, ಹೆಸರಿಗೆ ತಕ್ಕ ಹೊಟ್ಟೆ. ಹೊರಡುವ ಮುಂಚೆ ಅವಳು ತಮ್ಮನನ್ನು ಕೂರಿಸಿಕೊಂಡು ಪಾಠ ಹೇಳಿದಳು.

"ಮುಖದ ಮಡಿಕೆ ಒಳಗೆಲ್ಲ ದಿನಾ ಒದ್ದೆ ಬಟ್ಟೇಲಿ ಒರೆಸು, ಆಮೇಲೆ ಒಣ ಬಟ್ಟೇಲಿ ಒರೆಸು. ತೇವ ಉಳಿದ್ರೆ ಹುಣ್ಣಾಗುತ್ತೆ. ಕಣ್ಣು ಉಬ್ಬಿದೆ ನೋಡು, ಧೂಳು ತಾಗಿದ್ರೆ ಗಾಯ ಆಗುತ್ತೆ, ಬೆಳಿಗ್ಗೆ ಸಂಜೆ ಡ್ರಾಪ್ಸ್ ಹಾಕು. ಕುತ್ತಿಗೆಗೆ ಪಟ್ಟಿ ಕಟ್ಟಬೇಡ, ಎದೆಗೆ ಹಾಕೋ ಪಟ್ಟಿನೇ ಇದೆ. ಎಷ್ಟು ಗೋಗರೆದ್ರೂ ಜಾಸ್ತಿ ತಿನ್ನಿಸ್ಬೇಡ."

"ಅದು ಸರಿ, ಈ ಸದ್ದೇನಕ್ಕ?" ಎಂದು ಅವನು ಕೇಳಿದ. ದೊರೆ ಅವನ ಕಾಲ ಬಳಿ ಕುಳಿತು ಗೊರ ಗೊರ ಎನ್ನುತ್ತಿತ್ತು.

"ಗೊರಕೆ ಕಣೋ. ಎಚ್ಚರ ಇದ್ರೂ ಹೊಡೀತಾನೆ. ಅವನು ಇರೋದೇ ಹಾಗೆ, ಹೆದರ್ಬೇಡ."

ಹೆದರಬೇಡ ಎಂದರೆ ಹೆದರಿಕೆ ಹೋಗುತ್ತದೆಯೇ? ಮೊದಲ ದಿನವೇ ಅವನು ದೊರೆಯನ್ನು ಎತ್ತಿಕೊಂಡು ಎರಡು ಬೀದಿ ಆಚೆಯ ಪಶುವೈದ್ಯರಲ್ಲಿಗೆ ಓಡಿದ. ಡಾಕ್ಟರು ಇರಲಿಲ್ಲ. ಕೌಂಟರಿನ ಕಾಂಪೌಂಡರ್ ನಾಯಿಯ ಮುಖ ನೋಡಿ ನಕ್ಕುಬಿಟ್ಟ. "ಈ ಜಾತಿ ನಾಯಿಗೆ ಇದು ಸಹಜ ಸಾರ್, ಕರ್ಕೊಂಡ್ ಹೋಗಿ." ಮರುದಿನ ದೊರೆ ಇದ್ದಕ್ಕಿದ್ದಂತೆ ಕತ್ತು ಚಾಚಿ, ಉಸಿರನ್ನು ಒಳಕ್ಕೆ ಎಳೆದೆಳೆದು ಹಂದಿಯಂತೆ ಗುಟುರು ಹಾಕಿತು. ಮತ್ತೆ ಓಟ. ಅಲ್ಲಿ ತಲುಪುವಷ್ಟರಲ್ಲಿ ಎಲ್ಲ ನಿಂತು, ನಾಯಿ ಬಾಲ ಆಡಿಸುತ್ತಿತ್ತು. "ಒಳಸೀನು ಸಾರ್, ತಾನಾಗೇ ನಿಲ್ಲುತ್ತೆ. ನೀವು ಮೊದಲು ಒಂದು ಲೋಟ ನೀರು ಕುಡೀರಿ," ಎಂದ ಕಾಂಪೌಂಡರ್. ಕಾಯುತ್ತಿದ್ದವರೆಲ್ಲ ನಕ್ಕರು. ಮಿಷನ್ ಮಾಮ ಇಂಗು ತಿಂದ ಮಂಗನಂತೆ ಮನೆಗೆ ಬಂದ. ಇನ್ನು ಈ ನಾಯಿಗಾಗಿ ಮರ್ಯಾದೆ ಕಳೆದುಕೊಳ್ಳುವುದಿಲ್ಲ ಎಂದು ನಿಶ್ಚಯಿಸಿದ.

ಆದರೆ ಕಿವಿ ಕೇಳಬೇಕಲ್ಲ! ನಡೆದರೆ ಒಂದು ಸದ್ದು, ಉಂಡರೆ ಇನ್ನೊಂದು, ಮಲಗಿದರೆ ಮತ್ತೊಂದು. ಇದರಲ್ಲಿ ಸಹಜ ಯಾವುದು, ರೋಗ ಯಾವುದು? ಯಂತ್ರವಾಗಿದ್ದರೆ ಬಿಚ್ಚಿ ನೋಡಬಹುದಿತ್ತು. ಅಕ್ಕನಿಗೆ ಫೋನ್ ಮಾಡೋಣವೆಂದರೆ ಅವಳು ಆಪರೇಷನ್ ಆಗಿ ಹಾಸಿಗೆಯಲ್ಲಿದ್ದಾಳೆ. ಪಾಪದವನಿಗೆ ತಲೆಬುಡ ತಿಳಿಯಲಿಲ್ಲ.

ಐದನೆಯ ದಿನ ಮಧ್ಯಾಹ್ನ ಸೆಕೆ ವಿಪರೀತವಾಗಿತ್ತು. ಅಂಗಡಿಯ ತಗಡಿನ ಸೂರು ಕಾದು, ಒಳಗೆ ಎಣ್ಣೆಯ ವಾಸನೆ ಕಟ್ಟಿಕೊಂಡಿತ್ತು. ಮನೆಯಲ್ಲಿ ಒಂಟಿಯಾಗಿ ಬಿಡಲು ಮನಸ್ಸಾಗದೆ ಅವನು ದೊರೆಯನ್ನೂ ಕರೆತಂದಿದ್ದ. ನಾಯಿ ಮೇಜಿನ ಕೆಳಗೆ ನಾಲಿಗೆ ಚಾಚಿ ಗೊರಗುಟ್ಟತೊಡಗಿತು. ಗೊರಕೆ ಏರಿತು, ಹೊಟ್ಟೆ ತಿದಿಯಂತೆ ಹಾರಿತು, ಬಾಯಲ್ಲಿ ನೊರೆ ಬಂತು. ಅವನ ಕೈ ಎರಡು ಸಲ ಸ್ಕ್ರೂಡ್ರೈವರ್ ಬಿಟ್ಟಿತು. ಕಾಂಪೌಂಡರನ ನಗು ನೆನಪಾಗಿ ಎರಡು ಸಲವೂ ಮತ್ತೆ ಹಿಡಿಯಿತು. ಸಹಜ, ಸಹಜ ಎಂದು ತನಗೆ ತಾನೇ ಹೇಳಿಕೊಂಡ.

ಸ್ವಲ್ಪ ಹೊತ್ತಿನಲ್ಲಿ ಸದ್ದು ಇಳಿಯಿತು, ಆಮೇಲೆ ನಿಂತೇಹೋಯಿತು. ಮಿಷನ್ ಮಾಮನಿಗೆ ಎಷ್ಟು ಹಗುರವಾಯಿತೆಂದರೆ, ಐದು ದಿನದಲ್ಲಿ ಮೊದಲ ಸಲ ಸಿಳ್ಳೆ ಹಾಕಿದ. ಸದ್ದು ನಿಂತಿತೆಂದರೆ ಸರಿಹೋಯಿತು. ಮೂವತ್ತು ವರ್ಷದಲ್ಲಿ ಈ ಲೆಕ್ಕ ಒಮ್ಮೆಯೂ ತಪ್ಪಿರಲಿಲ್ಲ.

ಆಗಲೇ ತನ್ನ ಯಂತ್ರ ಒಯ್ಯಲು ಪಕ್ಕದ ಬೀದಿಯ ಟೈಲರಮ್ಮ ಬಂದಳು. ಮೇಜಿನ ಕೆಳಗೆ ಬಗ್ಗಿ ನೋಡಿದವಳೇ ಕಿರುಚಿದಳು. "ಅಯ್ಯೋ, ಇದರ ನಾಲಿಗೆ ನೋಡ್ರೀ, ನೇರಳೆ ಬಣ್ಣಕ್ಕೆ ತಿರುಗಿದೆ!"

ಅವನು ಸ್ಕ್ರೂಡ್ರೈವರ್ ಹಿಡಿದುಕೊಂಡೇ ನಿಂತುಬಿಟ್ಟ. ಮೂಲೆಯ ಕೊಡದಲ್ಲಿದ್ದ ನೀರನ್ನು ನಾಯಿಯ ಹೊಟ್ಟೆಗೆ, ಪಾದಕ್ಕೆ ಸುರಿದವಳು ಟೈಲರಮ್ಮ. ಅವಳು ಬೈದ ಮೇಲೆಯೇ ಅವನು ಆ ಒದ್ದೆ ಮುದ್ದೆಯನ್ನು ಎದೆಗೊತ್ತಿಕೊಂಡು ಬಿಸಿಲಲ್ಲಿ ಓಡಿದ. ಅಕ್ಕನಿಗೆ ಯಾವ ಮುಖ ತೋರಿಸಲಿ ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು. ಈ ಸಲ ಕಾಂಪೌಂಡರ್ ನಗಲಿಲ್ಲ.

ಡಾಕ್ಟರಮ್ಮ ಮೂತಿಗೆ ಆಮ್ಲಜನಕದ ಕೊಳವೆ ಹಿಡಿದು, ಫ್ಯಾನಿನ ಕೆಳಗೆ ಮಲಗಿಸಿ, ಒಂದು ಗಂಟೆ ಹೆಣಗಿದಳು. ನಾಲಿಗೆ ಮೆಲ್ಲಗೆ ಕೆಂಪಾಯಿತು. ಬೆವರು ಒರೆಸಿಕೊಳ್ಳುತ್ತ ಅವನು ಕೇಳಿದ, "ಸದ್ದು ನಿಂತಿತ್ತಲ್ಲಮ್ಮ, ಸರಿಹೋಯ್ತು ಅಂದ್ಕೊಂಡೆ."

"ಉಸಿರು ಎಳೆಯೋಕೆ ಶಕ್ತಿ ಮುಗಿದು ನಿಂತಿದ್ದು ಅದು," ಎಂದಳು ಡಾಕ್ಟರಮ್ಮ. "ಮೂತಿ ಗಿಡ್ಡ ಆಗಲಿ ಅಂತ ಮನುಷ್ಯರೇ ತಲೆತಲಾಂತರದಿಂದ ಆರಿಸಿ ಬೆಳೆಸಿರೋ ನಾಯಿಗಳು ಇವು. ಹೊರಗಡೆ ಗಿಡ್ಡ ಆಯ್ತು, ಒಳಗಿನ ಮಾಂಸ ಗಿಡ್ಡ ಆಗಲಿಲ್ಲ. ಮೂಗಿನ ಹೊಳ್ಳೆ ನೋಡಿ, ಗೀರು ಹಾಕಿದಷ್ಟೇ ಇದೆ. ಒಳಗೆ ಅಂಗುಳು ಉದ್ದವಾಗಿ ಗಂಟಲಿಗೆ ಇಳಿಬಿದ್ದಿದೆ. ನಾಯಿ ಮೈ ತಣಿಸಿಕೊಳ್ಳೋದೇ ಏದುಸಿರಿಂದ. ಆ ದಾರಿನೇ ಮುಚ್ಚಿದ್ರೆ ಸೆಕೇಲಿ ಇದು ಏನು ಮಾಡ್ಬೇಕು?"

"ಹಾಗಾದ್ರೆ ಈ ಗೊರಕೆ ಸಹಜ ಅಲ್ವಾ?"

"ಎಲ್ಲರ ಮನೇಲೂ ಇದೆ ಅಂದ ಮಾತ್ರಕ್ಕೆ ಕಾಯಿಲೆ ಸಹಜ ಆಗ್ಬಿಡುತ್ತಾ?"

ಕಾಂಪೌಂಡರ್ ತಲೆ ತಗ್ಗಿಸಿ ಹತ್ತಿ ಸುತ್ತುತ್ತಿದ್ದ. ಮಿಷನ್ ಮಾಮನಿಗೆ ಸಿಟ್ಟು ಅವನ ಮೇಲೆ ಬರಲಿಲ್ಲ, ತನ್ನ ಮೇಲೆಯೇ ಬಂತು. ಮೊದಲ ದಿನ ಕಿವಿ ಸರಿಯಾಗಿಯೇ ಹೇಳಿತ್ತು. ನಾಲ್ಕು ಜನ ನಕ್ಕರೆಂದು ಅದರ ಬಾಯಿ ಮುಚ್ಚಿಸಿದವನು ಅವನೇ.

ಹೊಳ್ಳೆ ಅಗಲಿಸಿ, ಹೆಚ್ಚಾದ ಅಂಗುಳು ಕತ್ತರಿಸುವ ಆಪರೇಷನ್ ಆಗಬೇಕಿತ್ತು. ಅಕ್ಕನಿಗೆ ಫೋನ್ ಮಾಡಿ ನಡೆದದ್ದೆಲ್ಲ ಹೇಳಿದ. "ಏನ್ ಬೇಕಾದ್ರೂ ಮಾಡ್ಸು, ಅವನು ಉಳೀಲಿ," ಎಂದಷ್ಟೇ ಹೇಳಿ ಅವಳು ಅತ್ತಳು. ಆಪರೇಷನ್ ಆಯಿತು. ಬಾವು ಇಳಿಯಿತು. ದೊರೆಯ ಊಟ ಅಳೆದು ಹಾಕಿ ಮೈ ಇಳಿಸಿದ್ದೂ ಆಯಿತು.

ಮೂರು ವಾರದ ನಂತರ ಒಂದು ಸಂಜೆ ಅಕ್ಕ ಫೋನ್ ಮಾಡಿದಳು. "ದೊರೆ ಎಲ್ಲಿ?"

"ಇಲ್ಲೇ, ನನ್ನ ತೊಡೆ ಪಕ್ಕ ನಿದ್ದೆ ಮಾಡ್ತಿದಾನೆ."

"ಎಲ್ಲಿ, ಮೂತಿ ಹತ್ರ ಫೋನ್ ಹಿಡಿ."

ಹಿಡಿದ. ಆ ಕಡೆ ಅಕ್ಕ ಕಿವಿಗೊಟ್ಟಳು, ಗೊರಕೆ ಕೇಳಿಸಲಿಲ್ಲ. "ನನ್ಹತ್ರ ಮುಚ್ಚಿಡ್ಬೇಡ ಕಣೋ. ನನ್ನ ಮಂಡಿ ವಾಸಿಯಾಗೋವರೆಗೂ ಹೇಳ್ಬಾರ್ದು ಅಂತ ಎಲ್ಲರೂ ಸೇರಿ ಮಾತಾಡ್ಕೊಂಡಿದೀರ. ಅವನು ಹೋಗ್ಬಿಟ್ಟ, ಅಲ್ವಾ?"

"ಇಲ್ಲಕ್ಕ, ಚೆನ್ನಾಗಿದಾನೆ!" ಎಂದನೇನೋ ನಿಜ. ಆದರೆ ಅಷ್ಟು ನಿಶ್ಶಬ್ದವಾಗಿ ಮಲಗಿದ್ದನ್ನು ಕಂಡು ಅವನಿಗೂ ಅನುಮಾನ ಬಂತು. ಪಕ್ಕೆಯ ಮೇಲೆ ಕೈಯಿಟ್ಟ. ಪಕ್ಕೆ ಸಲೀಸಾಗಿ ಏರಿತು, ಸಲೀಸಾಗಿ ಇಳಿಯಿತು. ಕೈ ತಾಗಿ ಎಚ್ಚರಗೊಂಡ ದೊರೆ ಫೋನಿನೊಳಗಿನ ದನಿಗೆ ಕಿವಿ ನಿಮಿರಿಸಿ ಒಮ್ಮೆ ಬೊಗಳಿತು.

ಅಕ್ಕ ಜೋರಾಗಿ ಅತ್ತು, ಮೂಗು ಒರೆಸಿಕೊಂಡಳು. "ಹಾಗಾದ್ರೆ ಇಷ್ಟು ದಿನ ಆ ಸದ್ದು..."

"ಉಸಿರಿಗೆ ಒದ್ದಾಡ್ತಿದ್ದ ಅಕ್ಕ."

"ನಿಮ್ಮ ಭಾವ ಹೋದ್ಮೇಲೆ," ಎಂದಳು ಅಕ್ಕ, "ನಾನು ಆ ಸದ್ದು ಕೇಳ್ಕೊಂಡೇ ದಿನಾ ನಿದ್ದೆ ಮಾಡ್ತಿದ್ದೆ ಕಣೋ."