ಖಾಲಿ ಬಾಟಲಿಯ ನಲವತ್ತೊಂದು

ನನಗೆ ಮೂಗಿನ ತುದಿಯಲ್ಲೇ ಕೋಪ ಅಂತ ಪ್ರಯೋಗಾಲಯದಲ್ಲಿ ಎಲ್ಲರಿಗೂ ಗೊತ್ತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವಳಲ್ಲ ನಾನು; ಎತ್ತು ಅದು ಹೇಗೆ ಈಯಿತು ಸ್ವಾಮಿ ಅಂತ ಕೇಳುವವಳು. ಅಂಥವಳೂ ಐದು ವರ್ಷ ಒಂದು ಎತ್ತನ್ನು ಕೇಳದೆ ಕಟ್ಟಿಕೊಂಡಿದ್ದೆ. ಯಾಕೆಂದರೆ ಅದನ್ನು ಹಿಡಿದು ತಂದವರು ನನ್ನ ಗಂಡ.

ನಮ್ಮ ಕೆಲಸ, ಎಲೆಯ ಕೆಲಸವನ್ನು ಗಾಜಿನ ಬಾಟಲಿಯಲ್ಲಿ ಮಾಡಿಸುವುದು. ಎಲೆ ಬಿಸಿಲು ಹಿಡಿದು, ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಆಹಾರ ಮಾಡಿಕೊಳ್ಳುತ್ತದೆ. ನಾವು ನೀರಿಗೆ ಚಿಟಿಕೆ ಹಳದಿ ಪುಡಿ ಹಾಕಿ, ಅದೇ ಅನಿಲ ತುಂಬಿ, ದೊಡ್ಡ ದೀಪದ ಕೆಳಗೆ ಇಡುತ್ತೇವೆ. ಆ ಪುಡಿಯೇ ವೇಗವರ್ಧಕ. ಬೆಳಕಿನ ಬಲದಿಂದ ಅದು ಅನಿಲವನ್ನು ಇಂಧನಕ್ಕೆ ಬರುವ ಇನ್ನೊಂದು ಅನಿಲವಾಗಿ ಬದಲಾಯಿಸಬೇಕು. ಈ ಪುಡಿಯ ಪಾಕ ಕಂಡುಹಿಡಿದು ಎಂಟು ವರ್ಷದ ಹಿಂದೆ ಡಾಕ್ಟರೇಟ್ ಪಡೆದ ನನ್ನ ಗಂಡ ಈಗ ಕಾಲೇಜಿನಲ್ಲಿ ಮೇಷ್ಟ್ರು. ನಾನು ಅದೇ ಪಾಕ ಹಿಡಿದುಕೊಂಡು ಅದೇ ಗೈಡ್ ಹತ್ತಿರ ಸೇರಿದೆ. ಗೈಡನ್ನು ನಾವೆಲ್ಲ ಸರ್ ಅನ್ನುತ್ತೇವೆ.

ದೀಪ ಒಂದು, ನಾವು ಆರು ಜನ. ಬಾಗಿಲ ಮೇಲೆ ಸರದಿಯ ಪಟ್ಟಿ. ಖಾಲಿ ಬಾಟಲಿಗೆ ದೀಪ ಉರಿಸಬೇಡಿ ಅನ್ನುವುದು ಸರ್ ಕಟ್ಟಪ್ಪಣೆ. ಖಾಲಿ ಅಂದರೆ ಪೂರ್ತಿ ಖಾಲಿಯಲ್ಲ. ನೀರು, ಪುಡಿ, ಬೆಳಕು ಎಲ್ಲ ಇರುತ್ತದೆ. ಇಂಗಾಲದ ಡೈಆಕ್ಸೈಡ್ ಬದಲು ಬರೀ ನೈಟ್ರೋಜನ್ ತುಂಬಿರುತ್ತದೆ. ಅದರಿಂದ ಏನೂ ಬರಬಾರದು. ಏನೂ ಬರದೇ ಇರುವುದಕ್ಕೆ ಎಂಟು ಗಂಟೆ ದೀಪ ಯಾಕೆ ಅಂತ ಯಾರೂ ಅದನ್ನು ಇಡುತ್ತಿರಲಿಲ್ಲ.

ನನ್ನ ತಲೆಗೆ ಹುಳ ಬಿಟ್ಟಿದ್ದು ಮೂರು ಸಂಖ್ಯೆ. ಹೊಸ ಪುಡಿ ಮೊದಲ ದಿನ ಇಂಧನದ ಅನಿಲವನ್ನು ನಲವತ್ತಮೂರು ಅಳತೆ ಕೊಟ್ಟಿತು, ಮರುದಿನ ಇಪ್ಪತ್ತು, ಮೂರನೇ ದಿನ ಐದು. "ಪುಡಿ ಸುಸ್ತಾಗುತ್ತಮ್ಮ" ಅಂದರು ಸರ್. ಸುಸ್ತಾಗೋದಕ್ಕೆ ಅದೇನು ಮೂಟೆ ಹೊತ್ತಿತ್ತೇ? ಪುಡಿ ಬೇಯಿಸುವಾಗ ಸಿಟ್ರಿಕ್ ಆಮ್ಲ ಹಾಕಿ ಆಮೇಲೆ ಮೂರು ಸಲ ತೊಳೆಯುತ್ತೇವೆ. ತೊಳೆದದ್ದು ಸಾಲದೆ ಆಮ್ಲದ ಜಿಡ್ಡು ಉಳಿದಿದ್ದರೆ? ಜಿಡ್ಡಿನಲ್ಲೂ ಇಂಗಾಲ ಇದೆ. ಬೆಳಕು ಒಡೆಯುತ್ತಿರುವುದು ಆ ಕೊಳೆಯನ್ನೇ ಆಗಿದ್ದರೆ, ಅದು ದಿನದಿಂದ ದಿನಕ್ಕೆ ಮುಗಿದುಹೋಗುತ್ತಿದ್ದರೆ?

ಗುರುವಾರ ನನ್ನ ಸರದಿಯಲ್ಲಿ, ಹೊಸ ಪುಡಿ ಹಾಕಿ, ಖಾಲಿ ಬಾಟಲಿ ಇಟ್ಟೆ. ಸಂಜೆ ನಾಲ್ಕಕ್ಕೆ ಅದರ ಅನಿಲವನ್ನು ಅಳತೆ ಯಂತ್ರದ ಅಕ್ಕನ ಕೈಗೆ ಕೊಟ್ಟೆ.

"ಇದ್ಯಾವ ಖಾಲೀನಮ್ಮಾ? ನಲವತ್ತೊಂದು ಬಂದಿದೆ!"

"ಇನ್ನೊಂದ್ಸಲ ಹಾಕಿ ಅಕ್ಕಾ."

"ಹತ್ತು ಸಲ ಹಾಕಿದ್ರೂ ಯಂತ್ರ ನಿನ್ನ ಮುಖ ನೋಡಿ ಬರೆಯಲ್ಲ" ಅಂದರು. ಆದರೂ ಹಾಕಿದರು. ನಲವತ್ತೊಂದೇ.

ನನ್ನ ಐದು ವರ್ಷ ಹಾಳಾಗಿ ಹೋಗಲಿ. ಇವರ ಡಾಕ್ಟರೇಟ್?

ಮನೆಗೆ ಹೋದಾಗ ಇವರು ಒಣಗಿದ ಬಟ್ಟೆ ಮಡಿಸುತ್ತಿದ್ದರು. ಸುತ್ತಿ ಬಳಸಿ ಮಾತಾಡುವುದು ನನಗೆ ಬರುವುದಿಲ್ಲ.

"ರೀ, ಆಗ ನೀವು ಒಂದ್ಸಲನಾದ್ರೂ ಖಾಲಿ ಬಾಟಲಿ ಇಟ್ಟಿದ್ರಾ?"

ಮಡಿಸಿದ್ದ ಅಂಗಿಯನ್ನು ಬಿಚ್ಚಿ ಮತ್ತೆ ಮಡಿಸಿದರು. "ಎಷ್ಟು ಬಂತು?"

"ನಲವತ್ತೊಂದು. ಸೋಮವಾರ ಸೆಮಿನಾರಲ್ಲಿ ತೋರಿಸ್ತೀನಿ."

"ಕೂತ ಕೊಂಬೆ ಕಡಿಯೋರನ್ನ ಕಂಡಿದ್ದೆ. ಗಂಡ ಕೂತ ಕೊಂಬೆ ಕಡಿಯೋಳನ್ನ ಈಗ್ಲೇ ನೋಡ್ತಿರೋದು."

"ನಾನೂ ಅದೇ ಕೊಂಬೆ ಮೇಲೇ ಇದ್ದೀನಲ್ರೀ."

ನಗಲಿಲ್ಲ. ಅವತ್ತಿನಿಂದ ಮಾತು ಬಿಟ್ಟರು. ಆ ಪುಡಿಯ ವಿಷಯ ಹೇಳುವಾಗ ಅರಳುತ್ತಿದ್ದ ಮುಖ ನೋಡಿಯೇ ನಾನು ಇವರನ್ನು ಮದುವೆಯಾಗಿದ್ದು. ಆದರೂ ಸುಳ್ಳೆಂದು ಗೊತ್ತಾದ ಮೇಲೆ ಬಾಯಿ ಮುಚ್ಚಿಕೊಂಡು ಅನ್ನ ತಿನ್ನಲು ನನ್ನಿಂದ ಆಗುವುದಿಲ್ಲ.

ಮರುದಿನ ಸರ್ ಕೋಣೆಗೆ ಹೋಗಿ ಹಾಳೆ ಮುಂದಿಟ್ಟೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನಿನ್ನೂ ಬಾಯಿಯೇ ತೆರೆದಿರಲಿಲ್ಲ, "ಖಾಲಿ ಬಾಟಲಿ ಬೇಡ ಅಂತ ನಾನು ಯಾರಿಗೂ ಹೇಳಿಲ್ಲ" ಅಂದರು. ಆಮೇಲೆ ದನಿ ಇಳಿಸಿದರು. "ಸೋಮವಾರ ಸಂಜೆ ನಮ್ಮ ಪ್ರಬಂಧ ಅಚ್ಚಿಗೆ ಹೋಗುತ್ತೆ. ನೀನು ನಲವತ್ತಮೂರು ತೋರ್ಸು. ಇದನ್ನ ಡ್ರಾಯರಲ್ಲಿ ಇಡು."

"ಇಡಲ್ಲ ಸರ್."

"ಸಿಟ್ಟಲ್ಲಿ ಕುಯ್ದ ಮೂಗು ಶಾಂತಿಲಿ ಬರಲ್ಲಮ್ಮ. ನಿನ್ನ ಗಂಡನ್ನಾದ್ರೂ ನೆನೆಸ್ಕೋ."

"ನಿನ್ನೆ ರಾತ್ರಿಯೆಲ್ಲ ಅವರನ್ನೇ ನೆನೆಸ್ಕೊಂಡು ಅತ್ತಿದ್ದೀನಿ ಸರ್. ಅತ್ತಿದ್ದಕ್ಕೆ ನಲವತ್ತೊಂದು ಸೊನ್ನೆ ಆಗಲಿಲ್ಲ. ಪ್ರಬಂಧದಿಂದ ನನ್ನ ಹೆಸರು ತೆಗೀರಿ."

"ದೀಪದ ಪಟ್ಟಿಯಿಂದಲೂ ತೆಗೀತೀನಿ."

"ತೆಗೀರಿ."



ಸೋಮವಾರ ಬೆಳಿಗ್ಗೆ ಒಂಬತ್ತಕ್ಕೇ ಸಭಾಂಗಣದ ತುಂಬ ಜನ. ಪರದೆಯ ಮೇಲೆ ಎರಡೂ ಗೆರೆ ಹಾಕಿದೆ: ತುಂಬಿದ ಬಾಟಲಿ ನಲವತ್ತಮೂರು, ಖಾಲಿ ಬಾಟಲಿ ನಲವತ್ತೊಂದು. "ನಾವು ಎಲೆಯ ಕೆಲಸ ಮಾಡಿಸ್ತಿಲ್ಲ, ನಮ್ಮ ಕೊಳೆ ಸುಡ್ತಿದ್ದೀವಿ" ಅಂದೆ. ಗುಸುಗುಸು ಶುರುವಾಯಿತು.

ಸರ್ ಎದ್ದು ನಿಂತರು. "ಈಕೆ ಸರಿಯಾಗಿ ತೊಳೆದಿಲ್ಲ, ಅಷ್ಟೇ. ಮೂಲ ಕೆಲಸದಲ್ಲಿ ಎಲ್ಲ ಪರೀಕ್ಷೆ ಆಗಿತ್ತು. ಮಾಡಿದವರನ್ನೇ ಕರೆಸಿದ್ದೀನಿ, ಕೇಳಿ."

ಕೊನೆಯ ಸಾಲಿನಲ್ಲಿ ಇವರು ಕೂತಿದ್ದರು, ತೊಡೆಯ ಮೇಲೆ ಕಾಲೇಜಿನ ಚೀಲ. ಬರುತ್ತೇನೆಂದು ನನಗೆ ಹೇಳಿರಲಿಲ್ಲ. ಆಗಿತ್ತು ಅಂತ ಒಂದು ಮಾತು ಅಂದರೆ ಇವರ ಪದವಿ ಉಳಿಯುತ್ತಿತ್ತು, ನಾನು ಎಲ್ಲರ ಮುಂದೆ ಪಾತ್ರೆ ತೊಳೆಯಲೂ ಬಾರದವಳಾಗುತ್ತಿದ್ದೆ.

"ಆಗಿರ್ಲಿಲ್ಲ ಸರ್" ಅಂದರು ಇವರು. ದನಿ ಜೋರಾಗಿಯೇ ಇತ್ತು. "ಖಾಲಿ ಬಾಟಲಿ ಇಡ್ತೀನಿ ಅಂತ ನಾಲ್ಕು ಸಲ ಕೇಳಿದ್ದೆ. ನೀವು ಬೇಡ ಅಂದ್ರಿ, ನಾನು ಸುಮ್ನಾದೆ. ಸುಮ್ನಾಗಿದ್ದು ನನ್ನ ತಪ್ಪು. ಇವಳು ತೊಳೆದಿರೋದು ನಾನು ಬರೆದಿಟ್ಟ ಹಾಗೇನೇ."

ಚೀಲಕ್ಕೆ ಕೈ ಹಾಕಿ ಒಂದು ಸಣ್ಣ ಶೀಶೆ ತೆಗೆದರು. "ಇದು ನನ್ನ ಕಾಲದ ಪುಡಿ, ಇನ್ನೂ ಬಳಸದೇ ಇರೋದು. ನಾನೇ ತೊಳೆದಿದ್ದು. ಇದನ್ನ ಹಾಕಿ ಖಾಲಿ ಬಾಟಲಿ ಇವತ್ತೇ ಇಡೋಣ, ಬೇಕಾದೋರು ಬಂದು ನೋಡ್ಲಿ."

"ನಿಮಗೆ ದೀಪದ ಸರದಿ ಇಲ್ಲ" ಅಂದರು ಸರ್.

ನಾನು ವೇದಿಕೆ ಇಳಿದು ಹೋಗಿ ಶೀಶೆ ಈಸಿಕೊಂಡೆ. ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಅರ್ಧ ಸಭಾಂಗಣ ನಮ್ಮ ಹಿಂದೆ ದೀಪದ ಕೋಣೆಗೆ ಬಂತು. ಬೆಳಿಗ್ಗೆ ಹತ್ತಕ್ಕೆ ಹಚ್ಚಿದ ದೀಪವನ್ನು ಸಂಜೆ ಆರಕ್ಕೆ ಆರಿಸಿದೆವು. ಅಷ್ಟು ಹೊತ್ತೂ ಇವರು ಕುರ್ಚಿ ಬಿಟ್ಟು ಏಳಲಿಲ್ಲ.

ಅಕ್ಕ ಯಂತ್ರ ನೋಡಿ ಮೆಲ್ಲಗೆ ಹೇಳಿದರು, "ಮೂವತ್ತೆಂಟು."

"ನಾಳೆಯಿಂದ ಹತ್ತು ಸಲ ತೊಳಿ" ಅಂತ ನನಗೆ ಹೇಳಿ, ಇವರು ಪೆನ್ನು ಕೇಳಿ ತೆಗೆದುಕೊಂಡರು. ದಾಖಲೆ ಪುಸ್ತಕದಲ್ಲಿ ಮೂವತ್ತೆಂಟು ಅಂತ ತಾವೇ ಬರೆದು ಕೆಳಗೆ ಹೆಸರು ಹಾಕಿದರು. ಹೆಸರಿನ ಹಿಂದೆ 'ಡಾ.' ಅಂತ ಬರೆಯಲಿಲ್ಲ.